ಮಿನೋಟಾರ್‌ನ ಡ್ರಮ್ ನೋಡಿ ಕಟ್ಟಿದರೆ ಅದು ನಕಲೇ?

ಪ್ರಶ್ನೆ: ಕಾಲೇಜಿನ ರೋಬೋ ಕಾಳಗಕ್ಕೆ 15 ಕಿಲೋ ವಿಭಾಗದ ಯಂತ್ರ ಕಟ್ಟುತ್ತಿದ್ದೇವೆ. ಬ್ರೆಜಿಲ್‌ನ ಕಾಳಗದ ರೋಬೋ ಮಿನೋಟಾರ್‌ನಂತೆ ಮುಂದೆ ತಿರುಗುತ್ತಾ ಎದುರಾಳಿಗೆ ಬಡಿಯುವ ಡ್ರಮ್ (ಉರುಳೆ) ಇಡುವ ಆಸೆ. ಸೀನಿಯರ್‌ಗಳು ‘ಕದ್ದ ವಿನ್ಯಾಸ’ ಎನ್ನುತ್ತಿದ್ದಾರೆ. ಹೌದೇ ಸರ್?

ಉತ್ತರ 1: ಖಂಡಿತ ಅಲ್ಲ ತಮ್ಮಾ. ಡ್ರಮ್ ಯಾರೊಬ್ಬರ ಸ್ವತ್ತೂ ಅಲ್ಲ. ಮಿನೋಟಾರ್ ಕಟ್ಟಿದ ರಿಯೋಬಾಟ್ಸ್ ತಂಡವೇ ಕಾಳಗದ ರೋಬೋಗಳ ಲೆಕ್ಕಾಚಾರವನ್ನು ಕೈಪಿಡಿಯಾಗಿ ಬರೆದು ಉಚಿತವಾಗಿ ಹಂಚಿದೆ. ಆದರೆ ಆಕಾರ ಎತ್ತಿಕೊಂಡು ಲೆಕ್ಕ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡ್ರಮ್‌ಗೆ ಏಟು ಕೊಡುವ ಹಲ್ಲು ಎಷ್ಟು? ಒಂದೇ ಇದ್ದರೆ, ಅದು ಪೂರ್ತಿ ಸುತ್ತು ಬರುವಷ್ಟರಲ್ಲಿ ಎದುರಾಳಿ ಇನ್ನಷ್ಟು ಒಳಗೆ ನುಗ್ಗಿರುತ್ತದೆ, ಏಟು ಆಳವಾಗಿ ಕಚ್ಚುತ್ತದೆ. ಅದೇ ವೇಗದಲ್ಲಿ ಎರಡು ಹಲ್ಲಿದ್ದರೆ ಆ ಆಳ ಅರ್ಧಕ್ಕಿಳಿಯುತ್ತದೆ. ಆದರೆ ಒಂಟಿ ಹಲ್ಲಿನ ಎದುರು ಬದಿಗೆ ಸಮಭಾರ ಕೊಡದಿದ್ದರೆ ಡ್ರಮ್ ನಡುಗಿ ಬೇರಿಂಗ್ ಕೆಡುತ್ತದೆ. ಈ ತೀರ್ಮಾನ ನಿಮ್ಮದಾಗಿದ್ದರೆ ಯಂತ್ರವೂ ನಿಮ್ಮದೇ.

ಉತ್ತರ 2: ಮೇಲಿನವರ ಮಾತು ಸರಿ. ಇನ್ನೊಂದು ವಿಷಯ: ಡ್ರಮ್ ಪೂರ್ಣ ವೇಗದಲ್ಲಿರುವಾಗ ರೋಬೋವನ್ನು ಗಕ್ಕನೆ ತಿರುಗಿಸಿದರೆ ಒಂದು ಬದಿಯ ಚಕ್ರ ನೆಲ ಬಿಡಬಹುದು. ಎಡಬಲ ಚಕ್ರಗಳ ಅಂತರವನ್ನು ನಿಮ್ಮ ಡ್ರಮ್‌ಗೆ ತಕ್ಕಂತೆ ಲೆಕ್ಕ ಹಾಕಿ, ಫೋಟೋ ನೋಡಿ ಅಳೆಯಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಒಂದು ಹಲ್ಲಿನ ಡ್ರಮ್‌ನ ನಕ್ಷೆಯನ್ನೇ ಬಿಡಿಸುತ್ತೇವೆ. ವರದಿಯಲ್ಲಿ ಮಿನೋಟಾರ್ ಹೆಸರು ಹಾಕಬೇಕೇ?

ಉತ್ತರ 1: ಮೊದಲ ಪುಟದಲ್ಲೇ ಹಾಕಿ.