ಅರಗಿನ ಬಣ್ಣ ಚಕ್ಕೆಯಾಗಿ ಏಳುತ್ತಿದೆ: ತಪ್ಪು ಮರದ್ದೋ, ಕೈಯದ್ದೋ?

ಪ್ರಶ್ನೆ:
ಕಳೆದ ತಿಂಗಳು ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಬುಗುರಿ ಕಡೆಯುವುದನ್ನು ಒಂದು ಗಂಟೆ ನಿಂತು ನೋಡಿದೆ. ಕಡೆದು ಮುಗಿಸಿದವರು ತಿರುಗುತ್ತಿದ್ದ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರು. ನೋಡನೋಡುತ್ತಿದ್ದಂತೆ ಕೆಂಪು ಹರಡಿತು, ಒಣಗರಿಯೊಂದನ್ನು ಒತ್ತಿ ಹಿಡಿದಾಗ ಹೊಳಪೂ ಬಂತು. ಅದೇ ಹುರುಪಿನಲ್ಲಿ ನಾನೂ ಅರಗಿನ ಕಡ್ಡಿಗಳನ್ನು ಕೊಂಡು ತಂದೆ. ಮಳೆಗಾಳಿಗೆ ನಮ್ಮ ಬೀದಿಯಲ್ಲಿ ಮುರಿದುಬಿದ್ದಿದ್ದ ಮಳೆಮರದ ಕೊಂಬೆಯನ್ನು ಎರಡು ವಾರ ಒಣಗಿಸಿ, ಮನೆಯ ಪುಟ್ಟ ಲೇತಿನಲ್ಲಿ ಬುಗುರಿ ಕಡೆದೆ. ಅರಗು ಬುಗುರಿಯ ಹೊಟ್ಟೆಗೆ ತೇಪೆತೇಪೆಯಾಗಿ ಹಿಡಿಯಿತೇ ಹೊರತು ಮೊಳೆಯ ಕಡೆಯ ತುದಿಗೆ ಹಿಡಿಯಲೇ ಇಲ್ಲ. ಹಿಡಿದದ್ದೂ ಮೂರನೆಯ ದಿನ ಉಗುರಿಗೆ ಚಕ್ಕೆಯಾಗಿ ಎದ್ದು ಬಂತು. ಎಲ್ಲಿ ತಪ್ಪಿದೆ?

ಮೊದಲ ಉತ್ತರ:
ಎರಡರಲ್ಲೂ ತಪ್ಪಿದೆ, ಆದರೆ ಮರದ ಪಾಲು ಹೆಚ್ಚು. ಚನ್ನಪಟ್ಟಣದವರು ಆಲೆಮರವನ್ನು ನೆಚ್ಚಿಕೊಂಡಿರುವುದು ಬರಿಯ ರೂಢಿಯಿಂದಲ್ಲ. ಅದರ ಎಳೆ ಬಲು ನಯ, ಬಣ್ಣ ಬಿಳಿ, ಹಾಗಾಗಿ ಅರಗು ಒಂದೇ ಸಮನಾಗಿ ಕೂರುತ್ತದೆ. ಮಳೆಮರದ ರಂಧ್ರಗಳು ದೊಡ್ಡವು. ಅರಗು ಅವುಗಳ ಮೇಲೆ ಸೇತುವೆ ಕಟ್ಟಿದಂತೆ ನಿಂತು, ಆಮೇಲೆ ಒಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ವಾರದಲ್ಲಿ ಹಸಿಕೊಂಬೆ ಒಣಗುವುದಿಲ್ಲ. ಒಳಗಿನ ತೇವ ಹೊರಬರುತ್ತ ಮರ ಕುಗ್ಗಿದಾಗ ಮೇಲಿನ ಗಡಸು ಪದರ ಅದರೊಡನೆ ಕುಗ್ಗಲಾರದೆ ಬಿಡುತ್ತದೆ. ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆಯೇ ಲೇತಿಗೆ ಏರಿಸಿ.

ತುದಿಗೆ ಹಿಡಿಯದಿದ್ದುದು ಬೇರೆ ಕಾರಣಕ್ಕೆ. ಅರಗನ್ನು ಕರಗಿಸುವುದು ಉಜ್ಜಾಟದ ಬಿಸಿ. ಲೇತ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ 5 ಸೆಂಟಿಮೀಟರ್ ದಪ್ಪದ ಹೊಟ್ಟೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಕಡ್ಡಿಯನ್ನು ಉಜ್ಜುತ್ತದೆ. 1 ಸೆಂಟಿಮೀಟರಿನ ತುದಿಗೆ ಅದರ ಐದನೆಯ ಒಂದು ಪಾಲು ಮಾತ್ರ. ಆದ್ದರಿಂದ ತುದಿಗೆ ಬಂದಾಗ ವೇಗ ಹೆಚ್ಚಿಸಿ, ಕಡ್ಡಿಯನ್ನು ಅಲ್ಲಿಯೇ ತುಸು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಮೇಳದವರ ಕೈ ಇದನ್ನು ಅರಿವಿಲ್ಲದೆಯೇ ಮಾಡುತ್ತದೆ, ನೋಡುವವರಿಗೆ ಮಾತ್ರ ಸಲೀಸಾಗಿ ಕಾಣುತ್ತದೆ.

ಎರಡನೆಯ ಉತ್ತರ:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಉಪ್ಪುಕಾಗದ ಹಾಕಿದ ಮೇಲೆ ಹುಡಿಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿದ್ದಿರಾ? ಹುಡಿ ಉಳಿದರೆ ಅರಗು ಮರಕ್ಕಲ್ಲ, ಹುಡಿಗೆ ಅಂಟುತ್ತದೆ. ನೀವು ಕಂಡ ಗರಿ ತಾಳೆಗರಿ ಇರಬೇಕು. ಹೆಸರು ಕೇಳಿ ಓಲೆಗರಿ ತಂದವರನ್ನು ನಾನು ಬಲ್ಲೆ. ಇದು ತಾಳೆಹೂವಿನ, ಅಂದರೆ ಕೇದಗೆಯ ಒಣಗಿದ ಎಲೆ. ಅರಗು ಇನ್ನೂ ಬಿಸಿಯಾಗಿರುವಾಗಲೇ ಅದನ್ನು ಒತ್ತಬೇಕು. ತಡವಾದರೆ ಪದರ ಹರಡದೆ ಗೀರು ಬೀಳುತ್ತದೆ. ಬಟ್ಟೆಯನ್ನಾಗಲಿ ಗರಿಯನ್ನಾಗಲಿ ಬೆರಳಿಗೆ ಸುತ್ತಿಕೊಳ್ಳಬೇಡಿ, ಲೇತ್ ಎಳೆದುಕೊಂಡರೆ ಬೆರಳೂ ಜೊತೆಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಉಳಿದ ತುಂಡನ್ನು ಇಂದು ಬೆಳಿಗ್ಗೆ ತೂಗಿದೆ: 412 ಗ್ರಾಂ. ಮುಂದಿನ ಭಾನುವಾರ ಮತ್ತೆ ತೂಗುತ್ತೇನೆ. ಹುಡಿಯನ್ನು ನಾನು ಬಾಯಿಂದ ಊದಿದ್ದೆ, ಒರೆಸಿರಲಿಲ್ಲ.