ಸಹಾಯ ಬೇಕು: 8 ವರ್ಷದ ಮಗಳಿಗೆ ಇನ್ನೂ ಓದು ಹಿಡಿತಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 8 ವರ್ಷ, ಮೊದಲಿಂದ್ಲೂ ಮನೇಲೇ ಪಾಠ, ಹೇಳಿಕೊಡೋದು ನಾನೇ. ಲೆಕ್ಕ ಚೆನ್ನಾಗಿ ಮಾಡ್ತಾಳೆ, ಕಥೆ ಒಂದ್ಸಲ ಕೇಳಿದ್ರೆ ಸಾಕು ಹಾಗೇ ವಾಪಸ್ ಹೇಳ್ತಾಳೆ, ಆದ್ರೆ ಓದೋದ್ರಲ್ಲಿ ಮಾತ್ರ ತುಂಬಾ ಹಿಂದೆ ಬಿದ್ದಿದಾಳೆ. 49 ಅಕ್ಷರನೂ ಬಿಡಿಬಿಡಿಯಾಗಿ ಗೊತ್ತು, ಕಾಗುಣಿತ ಬಾಯಿಪಾಠ ಇದೆ, ಪದದೊಳಗೆ ಬಂದ್ರೆ ತಡವರಿಸ್ತಾಳೆ. ನಿನ್ನೆ 'ಹಕ್ಕಿ' ಅಂತಿತ್ತು, ಬೆರಳಿಟ್ಟು 'ಹ... ಕಿ' ಅಂದ್ಲು, ಕೆಳಗಿನ ಒತ್ತು ಕಣ್ಣಿಗೇ ಬೀಳಲಿಲ್ಲ, ಆಮೇಲೆ ಪಕ್ಕದ ಚಿತ್ರ ನೋಡಿ 'ಗುಬ್ಬಿ' ಅಂತ ಊಹೆ ಮಾಡಿದ್ಲು. ಥ ಧ ದಿನಾ ಅದಲು ಬದಲು. ಸಾಲು ಮುಗಿಯೋ ಹೊತ್ತಿಗೆ ಶುರುವಲ್ಲಿ ಏನಿತ್ತು ಅನ್ನೋದೇ ಮರೆತಿರುತ್ತೆ.

ನಂದೂ ತಪ್ಪಿದೆ, ತಾನಾಗೇ ಬರುತ್ತೆ ಅಂತ ಒಂದು ವರ್ಷ ಸುಮ್ನೆ ಬಿಟ್ಟೆ. ಈಗ ದಿನಾ 15 ನಿಮಿಷ ಒತ್ತಿಲ್ಲದ ಪದಗಳನ್ನ ಮಾತ್ರ ಓದಿಸ್ತಿದೀನಿ, ರಾತ್ರಿ ನಾನು ಓದಿ ಹೇಳೋದಂತೂ ನಿಲ್ಲಿಸಿಲ್ಲ, ಅದೂ ನಿಂತ್ರೆ ಪುಸ್ತಕ ಅಂದ್ರೇನೇ ಬೇಡ ಅಂದ್ಬಿಡ್ತಾಳೇನೋ ಅಂತ ಭಯ.

ಕಣ್ಣು ಕಿವಿ ಎರಡೂ ಟೆಸ್ಟ್ ಮಾಡಿಸಿದೀವಿ, ತೊಂದರೆ ಇಲ್ಲ. ಇದು ಡಿಸ್ಲೆಕ್ಸಿಯಾ (ಓದೋದು ಬರೆಯೋದು ಕಲಿಯೋಕೆ ಕಷ್ಟ ಆಗೋ ತೊಂದರೆ) ಇರಬಹುದಾ, ಈಗ್ಲೇ ಅಸೆಸ್‌ಮೆಂಟ್ ಮಾಡಿಸೋದಾ ಅಥವಾ ಇನ್ನೊಂದೆರಡು ತಿಂಗಳು ಅಭ್ಯಾಸ ಮಾಡಿಸಿ ನೋಡೋದಾ? ಒತ್ತಕ್ಷರ ನೀವು ಹೇಗೆ ಕಲಿಸಿದ್ರಿ? ಚಿಕ್ಕ ಮಕ್ಕಳ ಪುಸ್ತಕ ಕೊಟ್ರೆ ಮುಖ ಸಣ್ಣ ಮಾಡ್ಕೊಂಡು ಮುಚ್ಚಿಡ್ತಾಳೆ, ಅವಳ ವಯಸ್ಸಿಗೆ ತಕ್ಕ ಕಥೆ ಇದ್ದು ಪದ ಸುಲಭ ಇರೋ ಪುಸ್ತಕ ಯಾವ್ದಾದ್ರೂ ಗೊತ್ತಿದ್ರೆ ಹೇಳಿ. ಮೊನ್ನೆ 'ಅಮ್ಮಾ ನಂಗೆ ಮಾತ್ರ ಯಾಕೆ ಬರಲ್ಲ' ಅಂತ ಕೇಳಿದ್ಲು, ಏನು ಹೇಳಬೇಕೋ ತಿಳೀಲಿಲ್ಲ. ಇದನ್ನ ದಾಟಿ ಬಂದಿರೋರು ದಯವಿಟ್ಟು ತಿಳಿಸಿ.