ಸಹಾಯ ಬೇಕು: ಕ್ಲೆರ್ಮೋಂ-ಫೆರಾಂ ಕಿರುಚಿತ್ರೋತ್ಸವಕ್ಕೆ ಹೋದವರು ಇದ್ದೀರಾ?

ನಮಸ್ಕಾರ. ನಾನು ಫ್ರಾನ್ಸಿನ ಲಿಯೋಂನಲ್ಲಿ ಓದ್ತಿದ್ದೀನಿ. ಜನವರಿ ಕೊನೆಗೆ ಇದೇ ದೇಶದ ಕ್ಲೆರ್ಮೋಂ-ಫೆರಾಂ ಊರಲ್ಲಿ ಶುರುವಾಗೋ ಉತ್ಸವಕ್ಕೆ ಎರಡು ದಿನದ ಮಟ್ಟಿಗೆ ಹೋಗ್ಬೇಕು ಅಂತಿದ್ದೀನಿ. 1979ರಲ್ಲಿ ಬರೀ ಕಿರುಚಿತ್ರ ವಾರವಾಗಿ ಶುರುವಾಗಿ, 1988ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯೂ ಸೇರಿ, ಈಗ ಕಿರುಚಿತ್ರಗಳ ದೊಡ್ಡ ಜಾತ್ರೆಯೇ ಆಗಿದೆ.

ಅಂತರರಾಷ್ಟ್ರೀಯ ವಿಭಾಗದಲ್ಲಿ ಕೆಲವು ಚಿತ್ರಗಳನ್ನ ಸೇರಿಸಿ ಒಂದೊಂದು ಕಂತು ಮಾಡಿ ನಂಬರ್ ಕೊಟ್ಟಿರ್ತಾರೆ. ಇರೋ ಎರಡು ದಿನದಲ್ಲಿ ಯಾವುದನ್ನ ಆರಿಸೋದು? ಎಷ್ಟು ಮುಂಚೆ ಕ್ಯೂ ನಿಲ್ಬೇಕು?

ಮುಖ್ಯವಾಗಿ, ಇಂಗ್ಲಿಷ್ ಸಬ್‌ಟೈಟಲ್ ಇರುತ್ತಾ? ನನ್ನ ಫ್ರೆಂಚ್ ಬ್ರೆಡ್ ಅಂಗಡಿ ದಾಟಲ್ಲ. ಹೋದ ವರ್ಷ ಇನ್ನೊಂದು ಕಡೆ ಫ್ರೆಂಚ್ ಸಬ್‌ಟೈಟಲ್ ಮಾತ್ರ ಇತ್ತು. ಪಕ್ಕದವರು ನಕ್ಕಾಗೆಲ್ಲ ನಾನೂ ನಕ್ಕು ಎದ್ದು ಬಂದೆ! ಅಗ್ಗದ ರೂಮ್ ಗೊತ್ತಿದ್ರೆ ಅದನ್ನೂ ತಿಳಿಸಿ.